ಹೆಚ್ಚು ಗ್ಯಾಸ್ ತುಂಬಿದರೆ ಹೆಚ್ಚು ಎತ್ತರವೇ? – ಒಂದು ಬಲೂನ್ ಪಾಠ, ಒಂದು ಮರುಪಾಠ

ಘಟಕ: ತೇಲುಬಲ ಮತ್ತು ಅನಿಲ ನಿಯಮಗಳು
ತರಗತಿ: ಬಿ.ಎಸ್ಸಿ. ಮೊದಲ ವರ್ಷ
ಅವಧಿ: 50 ನಿಮಿಷ (ಮರುಪಾಠ ಸೇರಿ ಎರಡು ಅವಧಿ)

ಪಾಠಾಭ್ಯಾಸದ ವರದಿಗಳಲ್ಲಿ ನಾವು ಸಾಮಾನ್ಯವಾಗಿ ಪ್ರಶಿಕ್ಷಣಾರ್ಥಿಗಳ ತಪ್ಪುಗಳನ್ನು ಪಟ್ಟಿ ಮಾಡುತ್ತೇವೆ. ಈ ವರದಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣಾ ಪುಸ್ತಕ ಬರೆಯುತ್ತಿದ್ದ ನನ್ನ ತಪ್ಪೂ ಸೇರಿದೆ. ಹಾಗಾಗಿಯೇ ಇದನ್ನು ಬರೆಯಬೇಕು ಅನ್ನಿಸಿತು.

ನಮ್ಮದು ನಾಲ್ಕು ವರ್ಷದ ಸಂಯೋಜಿತ ಬಿ.ಎಸ್ಸಿ.–ಬಿ.ಇಡಿ. ಕೋರ್ಸು. ಮೂರನೆಯ ವರ್ಷದವರು ಶಾಲೆಗಳಿಗೆ ಹೋಗುವ ಮೊದಲು ಕಾಲೇಜಿನಲ್ಲೇ ಕಿರಿಯರಿಗೆ ಎರಡು ಪಾಠ ಮಾಡಬೇಕೆಂಬ ಪದ್ಧತಿ ಇದೆ. ಭೌತವಿಜ್ಞಾನದ ಒಬ್ಬ ಪ್ರಶಿಕ್ಷಣಾರ್ಥಿನಿ ತೇಲುಬಲದ ಪಾಠಕ್ಕೆ ಎತ್ತರದ ಬಲೂನುಗಳನ್ನು ಆರಿಸಿಕೊಂಡು ಬಂದಳು. ನೀರಿನ ಬಕೆಟ್ಟು, ಮರದ ತುಂಡು, ಸ್ಪ್ರಿಂಗ್ ತ್ರಾಸುಗಳನ್ನೇ ವರ್ಷವರ್ಷವೂ ನೋಡಿ ದಣಿದಿದ್ದ ನನಗೆ ಸಂತೋಷವಾಯಿತು. ಪಾಠ ಯೋಜನೆಗೆ ಕೂಡಲೇ ಸಹಿ ಹಾಕಿದೆ.

ಪಾಠ ಚೆನ್ನಾಗಿಯೇ ಶುರುವಾಯಿತು. 30 ಕಿ.ಮೀ. ಎತ್ತರದಿಂದ ತೆಗೆದ ಒಂದು ಚಿತ್ರವನ್ನು ಪರದೆಯ ಮೇಲೆ ಹಾಕಿದಳು: ಕೆಳಗೆ ಬಾಗಿದ ಭೂಮಿಯ ಅಂಚು, ಅದರ ಮೇಲೆ ತೆಳ್ಳನೆಯ ನೀಲಿ ಪಟ್ಟಿ, ಅದರಾಚೆ ಹಗಲಿನಲ್ಲೂ ಕಪ್ಪಾದ ಆಕಾಶ. ತರಗತಿ ತಣ್ಣಗಾಯಿತು. ಇಂಥ ಚಿತ್ರವನ್ನು ವಿದ್ಯಾರ್ಥಿಗಳೇ ತೆಗೆಯುತ್ತಾರೆ, ಲೇಟೆಕ್ಸ್ ಬಲೂನಿಗೆ ಹೀಲಿಯಂ ತುಂಬಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕ್ಯಾಮೆರಾ ಮತ್ತು ಜಿಪಿಎಸ್ ಇಟ್ಟು ಹಾರಿಬಿಡುತ್ತಾರೆ, ಮೇಲೆ ಹೋದಂತೆ ಬಲೂನು ಹಿಗ್ಗಿ ಹಿಗ್ಗಿ ಒಡೆಯುತ್ತದೆ, ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ, ಹುಡುಕಿಕೊಂಡು ಹೋಗಿ ತರುತ್ತಾರೆ – ಎಲ್ಲವನ್ನೂ ತಡವರಿಸದೆ ಹೇಳಿದಳು. ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಬಲಗಳಿಗೆ ಬಾಣ ಹಾಕಿದಳು.

ಮುಗಿಯಲು ಐದು ನಿಮಿಷ ಇತ್ತು. ಕಿಟಕಿ ಪಕ್ಕದಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಮಹಡಿ ಇರಬೇಕು. "ಅಕ್ಕ... ಅಲ್ಲ, ಮಿಸ್, ಗ್ಯಾಸ್ ಇನ್ನೂ ಜಾಸ್ತಿ ತುಂಬಿದ್ರೆ ಬಲೂನು ಇನ್ನೂ ಮೇಲಕ್ಕೆ ಹೋಗುತ್ತಲ್ವಾ?"

"ಹೌದು. ತೇಲುಬಲ ಜಾಸ್ತಿ ಆಗುತ್ತಲ್ಲ," ಎಂದಳು ನಮ್ಮ ಪ್ರಶಿಕ್ಷಣಾರ್ಥಿನಿ.

ನಾನು ವೀಕ್ಷಣಾ ಪುಸ್ತಕದಲ್ಲಿ ಬರೆದೆ: "ವಿದ್ಯಾರ್ಥಿಗಳ ಪ್ರಶ್ನೆಗೆ ಆತ್ಮವಿಶ್ವಾಸದಿಂದ ಉತ್ತರಿಸಿದ್ದಾರೆ." ವಿಮರ್ಶಾ ಸಭೆಯಲ್ಲೂ ಎಲ್ಲರೂ ಹೊಗಳಿದರು. ಚಿತ್ರ ಚೆನ್ನಾಗಿತ್ತು, ಧ್ವನಿ ಚೆನ್ನಾಗಿತ್ತು, ಕಪ್ಪುಹಲಗೆ ಬಳಕೆ ಚೆನ್ನಾಗಿತ್ತು.

ಆ ರಾತ್ರಿ ಈ ಪಾಠಕ್ಕೆ ಒಂದು ಲೆಕ್ಕ ಸೇರಿಸಿದರೆ ಮಾದರಿ ಪಾಠವಾಗಿ ಇಟ್ಟುಕೊಳ್ಳಬಹುದು ಎಂದು ಕಾಗದ ತೆಗೆದುಕೊಂಡು ಕುಳಿತೆ. ಅಂಕಿಗಳು ನಾನು ಎಣಿಸಿದ ದಿಕ್ಕಿಗೆ ಹೋಗಲಿಲ್ಲ.

ಓದುಗರೂ ಒಮ್ಮೆ ಮಾಡಿ ನೋಡಲಿ ಎಂದು ಲೆಕ್ಕವನ್ನು ಪೂರ್ತಿ ಕೊಡುತ್ತೇನೆ. ಬಲೂನಿನ ರಬ್ಬರ್ 600 ಗ್ರಾಂ. ಪೆಟ್ಟಿಗೆ, ಪ್ಯಾರಾಚೂಟು, ದಾರ ಸೇರಿ 500 ಗ್ರಾಂ. ಇಷ್ಟನ್ನು ಎತ್ತಿದ ಮೇಲೂ ಮೇಲಕ್ಕೆ ಎಳೆಯಲು ಇನ್ನೊಂದು 600 ಗ್ರಾಂನಷ್ಟು ಎತ್ತುಬಲ ಮಿಗಬೇಕು ಎಂದುಕೊಳ್ಳೋಣ. ಒಟ್ಟು 1700 ಗ್ರಾಂ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಲ್ಲಿಯ ಗಾಳಿಯ ಸಾಂದ್ರತೆ ಘನಮೀಟರಿಗೆ 1.06 ಕೆ.ಜಿ. ಆಸುಪಾಸು, ಅದೇ ಒತ್ತಡದಲ್ಲಿ ಹೀಲಿಯಂನದು 0.15. ಅಂದರೆ ಒಂದು ಘನಮೀಟರ್ ಹೀಲಿಯಂ ಸುಮಾರು 0.92 ಕೆ.ಜಿ. ಎತ್ತುತ್ತದೆ. ನಮಗೆ ಬೇಕಾದದ್ದು 1.85 ಘನಮೀಟರ್, ಬಲೂನಿನ ವ್ಯಾಸ ಒಂದೂವರೆ ಮೀಟರ್. ಈ ತೂಕದ ಬಲೂನು ಸುಮಾರು 6 ಮೀಟರ್ ವ್ಯಾಸಕ್ಕೆ ಹಿಗ್ಗಿದಾಗ ಒಡೆಯುತ್ತದೆ. ಆಗ ಅದರ ಗಾತ್ರ 113 ಘನಮೀಟರ್, ಹೊರಟಾಗಿನದರ ಸುಮಾರು 61 ಪಟ್ಟು. ಒಳಗಿನ ಅನಿಲ 61 ಪಟ್ಟು ಹಿಗ್ಗಬೇಕಾದರೆ ಹೊರಗಿನ ಗಾಳಿ 61 ಪಟ್ಟು ತೆಳುವಾಗಿರಬೇಕು. ಪ್ರಮಾಣಿತ ವಾಯುಮಂಡಲದ ಕೋಷ್ಟಕದಲ್ಲಿ ಆ ಸಾಂದ್ರತೆ ಸಿಗುವುದು 30 ಕಿ.ಮೀ.ಗೆ ಸ್ವಲ್ಪ ಮೇಲೆ.

ಈಗ ಗ್ಯಾಸ್ ಜಾಸ್ತಿ ಮಾಡೋಣ. ಮಿಗುವ ಎತ್ತುಬಲವನ್ನು 600ರಿಂದ 1200 ಗ್ರಾಂಗೆ ಏರಿಸಿದರೆ ಒಟ್ಟು 2300 ಗ್ರಾಂ, ಅನಿಲ 2.5 ಘನಮೀಟರ್. ಆದರೆ ರಬ್ಬರ್ ಅದೇ. ಒಡೆಯುವ ಗಾತ್ರವೂ ಅದೇ 113. ಈಗ 45 ಪಟ್ಟು ಹಿಗ್ಗಿದರೆ ಸಾಕು, ಒಡೆಯುತ್ತದೆ. ಕೋಷ್ಟಕ ಹೇಳುವ ಎತ್ತರ ಸುಮಾರು 28.5 ಕಿ.ಮೀ. ಗ್ಯಾಸ್ ಹೆಚ್ಚಾಯಿತು, ಬಲೂನು ಬೇಗ ಏರಿತು, ಆದರೆ ಕೆಳಗೇ ಒಡೆಯಿತು!

ತರಗತಿ ಕೇಳಿದ ಒಂದೇ ಒಂದು ನಿಜವಾದ ಪ್ರಶ್ನೆಗೆ ನಾವು ತಪ್ಪು ಉತ್ತರ ಕೊಟ್ಟಿದ್ದೆವು. ಅವಳು ಹೇಳಿದ್ದಳು, ನಾನು ಅದಕ್ಕೆ ಅಂಕ ಕೊಟ್ಟಿದ್ದೆ.

ಮರುದಿನ ಬೆಳಿಗ್ಗೆ ಅವಳನ್ನು ಕರೆದು ಕಾಗದ ತೋರಿಸಿದೆ. ಎರಡು ಸಲ ಓದಿದಳು. "ಹಾಗಾದ್ರೆ ನಾನು ಹೇಳಿದ್ದು ತಪ್ಪು ಅಂತ ಜೂನಿಯರ್ಸ್ ಮುಂದೆ ಹೇಳ್ಬೇಕಾ ಮೇಡಂ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಾರ್ಕ್ಸ್ ಹೋಗುತ್ತಾ?" ಎಂದೂ ಕೇಳಿದಳು. ಅವಳ ಎರಡನೆಯ ಪ್ರಶ್ನೆಗೆ ನಗುವುದು ಸುಲಭ. ಆದರೆ ಪಾಠಾಭ್ಯಾಸದ ಅಂಕಗಳು ಕೆಲಸದ ಅರ್ಜಿಯವರೆಗೂ ಜೊತೆಗೆ ಬರುತ್ತವೆ ಎಂದು ಅವಳಿಗೆ ಗೊತ್ತು, ನನಗೂ ಗೊತ್ತು. ನಮ್ಮ ಮೌಲ್ಯಮಾಪನ ನಮೂನೆಯಲ್ಲಿ "ತಪ್ಪನ್ನು ತರಗತಿಯ ಮುಂದೆ ತಿದ್ದಿಕೊಂಡದ್ದು" ಎಂಬ ಕಾಲಂ ಇಲ್ಲ. "ವಿಷಯ ದೋಷ" ಎಂಬ ಕಾಲಂ ಮಾತ್ರ ಇದೆ. ತಪ್ಪು ಇಬ್ಬರದೂ ಆದ್ದರಿಂದ ಮೊದಲ ಪಾಠದ ಅಂಕ ಮುಟ್ಟುವುದಿಲ್ಲ, ಎರಡನೆಯ ಪಾಠ ಇದೇ ವಿಷಯದ ಮೇಲೆ ಇರಲಿ, ನಾನೂ ತರಗತಿಯಲ್ಲಿ ಎದ್ದು ನಿಂತು ಒಂದು ಮಾತು ಹೇಳುತ್ತೇನೆ ಎಂದೆ.

ಮರುಪಾಠಕ್ಕೆ ಯೋಜನೆ ಮಾಡುವಾಗ ವಿಶ್ವವಿದ್ಯಾಲಯಗಳ ಬಲೂನ್ ಕಾರ್ಯಕ್ರಮಗಳನ್ನು ಇಬ್ಬರೂ ಮತ್ತೆ ಓದಿದೆವು, ಈ ಸಲ ಚಿತ್ರಗಳಿಗಾಗಿ ಅಲ್ಲ. ಅಮೆರಿಕದ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ ನಾಸಾ ಜೊತೆ ಸೇರಿ 2006ರಿಂದ ಹಲವು ವರ್ಷ 'ಹ್ಯಾಸ್ಪ್' ಎಂಬ ಕಾರ್ಯಕ್ರಮ ನಡೆಸಿತು. ದೊಡ್ಡ ಬಲೂನಿನ ಕೆಳಗಿನ ಒಂದೇ ಚೌಕಟ್ಟಿನಲ್ಲಿ ಹನ್ನೆರಡು ವಿದ್ಯಾರ್ಥಿ ತಂಡಗಳ ಉಪಕರಣಗಳನ್ನು ಸುಮಾರು 36 ಕಿ.ಮೀ. ಎತ್ತರಕ್ಕೆ ಒಯ್ಯುತ್ತಿದ್ದರು. ಸ್ವೀಡನ್ನಿನ ಕಿರುನಾ ಬಳಿಯ ಎಸ್ರೇಂಜ್‌ನಿಂದ ಯುರೋಪಿನ ವಿದ್ಯಾರ್ಥಿಗಳಿಗಾಗಿ 'ಬೆಕ್ಸಸ್' ಬಲೂನುಗಳು ಏರುತ್ತವೆ. 2017ರ ಆಗಸ್ಟ್ 21ರ ಪೂರ್ಣ ಸೂರ್ಯಗ್ರಹಣದ ದಿನ ಅಮೆರಿಕದಲ್ಲಿ 55 ತಂಡಗಳು ಗ್ರಹಣದ ದಾರಿಯುದ್ದಕ್ಕೂ ಬಲೂನು ಹಾರಿಸಿದವು. ಆ ಕೊನೆಯ ಉದಾಹರಣೆ ನನಗೆ ಬಹಳ ಇಷ್ಟ. ಅಸೈನ್‌ಮೆಂಟ್ ಕೊಡಲು ಇನ್ನೊಂದು ವಾರ ಕೊಡಿ ಎಂದು ನಮ್ಮನ್ನು ಕೇಳಬಹುದು, ಚಂದ್ರನನ್ನು ಕೇಳಲಾಗುವುದಿಲ್ಲ.

ಇವುಗಳಲ್ಲಿ ನಾವು ಗಮನಿಸದೆ ಬಿಟ್ಟಿದ್ದ ಒಂದು ಸಂಗತಿ ಇತ್ತು. ಎಲ್ಲ ಕಡೆಯೂ ಬಲೂನು ಏರುವ ಮೊದಲು ವಿದ್ಯಾರ್ಥಿಗಳು ಬರೆದು ಕೊಡಬೇಕು: ಏನನ್ನು ಅಳೆಯುತ್ತೇವೆ, ಎಷ್ಟು ತೂಕ, ಎಷ್ಟು ವಿದ್ಯುತ್, ಏನು ಸಿಗುತ್ತದೆಂದು ನಿರೀಕ್ಷೆ. ಬೆಕ್ಸಸ್‌ನಲ್ಲಿ ವಿನ್ಯಾಸವನ್ನು ಪರಿಣತರ ಮುಂದೆ ಹಂತಹಂತವಾಗಿ ಸಮರ್ಥಿಸಿಕೊಂಡ ಮೇಲಷ್ಟೇ ಹಾರಾಟ. ಬಲೂನು ಕೈಬಿಟ್ಟ ಮೇಲೆ ಹಿಂದಕ್ಕೆ ಕರೆಯುವಂತಿಲ್ಲ. ಪ್ರಯೋಗಾಲಯದಲ್ಲಿ ಓದಿಕೆ ಸರಿಬಾರದಿದ್ದರೆ ಪಕ್ಕದ ಟೇಬಲ್ಲಿನ ರೆಕಾರ್ಡ್ ನೋಡಿ ಬರೆದುಕೊಳ್ಳುವ ನಮ್ಮ ಮಕ್ಕಳಿಗೆ (ನಾವೂ ಬರೆದವರೇ) ಆ ದಾರಿ ಅಲ್ಲಿ ಮುಚ್ಚಿದೆ.

ಒಂದು ಉದಾಹರಣೆ. ಕೆಲವು ಜಿಪಿಎಸ್ ಗ್ರಾಹಕಗಳು 18 ಕಿ.ಮೀ. ದಾಟಿದೊಡನೆ ಸ್ಥಾನ ತೋರಿಸುವುದನ್ನು ನಿಲ್ಲಿಸುತ್ತವೆ. ಕ್ಷಿಪಣಿಗಳಿಗೆ ಬಳಕೆಯಾಗಬಾರದೆಂದು ಇಟ್ಟ ಎತ್ತರ ಮತ್ತು ವೇಗದ ಮಿತಿ ಅದು. ಕೆಲವು ತಯಾರಕರು ಎರಡೂ ಮಿತಿ ದಾಟಿದರೆ ನಿಲ್ಲಿಸುತ್ತಾರೆ, ಕೆಲವರು ಒಂದು ದಾಟಿದರೂ ಸಾಕು ಎಂದು ನಿಲ್ಲಿಸುತ್ತಾರೆ. ಕಾಲೇಜಿನ ಅಂಗಳದಲ್ಲಿ ನೂರು ಸಲ ಪರೀಕ್ಷಿಸಿದರೂ ಈ ದೋಷ ಕಾಣುವುದಿಲ್ಲ. ಕೈಪಿಡಿ ಓದಿದವರಿಗೆ ಮಾತ್ರ ಕಾಣುತ್ತದೆ. ಬ್ಯಾಟರಿಯದೂ ಇದೇ ಕಥೆ: ಮೇಜಿನ ಮೇಲೆ ಇಡೀ ದಿನ ನಡೆಯುವ ಸಾಮಾನ್ಯ ಆಲ್ಕಲೈನ್ ಸೆಲ್ಲು ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗಿನ ಚಳಿಯಲ್ಲಿ ಸೋಲುತ್ತದೆ, ಅದಕ್ಕೇ ಲಿಥಿಯಂ ಸೆಲ್ಲು, ಅದಕ್ಕೇ ಥರ್ಮೋಕೋಲ್ ಪೆಟ್ಟಿಗೆ.

ಹಾಗಾಗಿ ಮರುಪಾಠದಲ್ಲಿ ಚಿತ್ರವನ್ನು ಬಿಟ್ಟೆವು. ಬಲೂನು ಹಾರಿಸುವ ಮಾತೇ ಇರಲಿಲ್ಲ: ಹೀಲಿಯಂ ದುಬಾರಿ, ವಾಯುಸಂಚಾರ ನಿಯಂತ್ರಣದ ಅನುಮತಿ ಇಲ್ಲದೆ ಹಾರಿಸುವಂತೆಯೂ ಇಲ್ಲ. ಜಲಜನಕ ಅಗ್ಗವೆಂದು ತರಗತಿಗೆ ತರುವ ಯೋಚನೆಯನ್ನು ಯಾವ ಪ್ರಶಿಕ್ಷಣಾರ್ಥಿಯೂ ಮಾಡಬಾರದು, ಅದು ಹೊತ್ತಿಕೊಳ್ಳುತ್ತದೆ. ನಮ್ಮ ಉಪಕರಣ 60 ಮಿ.ಲೀ.ನ ಎರಡು ಸಿರಿಂಜು ಮತ್ತು ತೆಳು ರಬ್ಬರ್ ಕೈಗವಸಿನಿಂದ ಕತ್ತರಿಸಿದ ಎರಡು ಬೆರಳ ತುದಿ.

ಪಾಠ ಶುರುವಾಗುವಾಗ ಅವಳು ಹೇಳಿದ ಮೊದಲ ಮಾತು: "ಹೋದ ಸಲ ಒಂದು ಪ್ರಶ್ನೆಗೆ ನಾನು ಯೋಚನೆ ಮಾಡದೆ ಉತ್ತರ ಹೇಳಿದೆ. ಅದು ಸರೀನೋ ತಪ್ಪೋ ಈವತ್ತು ನೋಡೋಣ." ನಾನು ಎದ್ದು, ಆ ಉತ್ತರ ಸರಿ ಎಂದು ನಾನೂ ಬರೆದುಕೊಂಡಿದ್ದೆ ಎಂದೆ. ಸಣ್ಣ ನಗು ಹರಿದಾಡಿತು, ಅಷ್ಟೆ. ಅವಳು ಹೆದರಿದಂಥದ್ದು ಏನೂ ಆಗಲಿಲ್ಲ.

ಆಮೇಲೆ ಎಲ್ಲರಿಗೂ ಚೀಟಿ ಕೊಟ್ಟಳು. ಗ್ಯಾಸ್ ಹೆಚ್ಚು ತುಂಬಿದರೆ ಬಲೂನು ಇನ್ನೂ ಮೇಲೆ ಒಡೆಯುತ್ತದೋ, ಕೆಳಗೇ ಒಡೆಯುತ್ತದೋ, ಅಷ್ಟೇ ಎತ್ತರದಲ್ಲೋ? ಉತ್ತರ, ಒಂದು ಸಾಲು ಕಾರಣ, ಕೆಳಗೆ ಹೆಸರು. ಹೆಸರು ಬರೆಸುವುದು ಬೇಡ, ಮುಜುಗರವಾಗುತ್ತದೆ ಎಂದು ನಾನು ಯೋಜನೆಯಲ್ಲಿ ಹೊಡೆದುಹಾಕಿದ್ದೆ. ಅವಳು ಪಟ್ಟು ಹಿಡಿದು ಉಳಿಸಿಕೊಂಡಳು, ಅವಳು ಮಾಡಿದ್ದೇ ಸರಿ. ಹೆಸರು ಬರೆಯಬೇಕು ಎಂದೊಡನೆ ಪೆನ್ನುಗಳು ನಿಂತವು. ಯೋಚನೆ ಶುರುವಾದದ್ದು ಆಗಲೇ. ಬಹುತೇಕ ಎಲ್ಲರೂ "ಮೇಲೆ" ಎಂದೇ ಬರೆದಿದ್ದರು. ಕೆಲವರು ಹೆಚ್ಚು ಆಸಕ್ತಿಕರವಾದ ತಪ್ಪು ಮಾಡಿದ್ದರು: ಮೇಲೆ ಹೋದಂತೆ ಗಾಳಿ ತೆಳುವಾಗಿ ತೇಲುಬಲ ಕಡಿಮೆಯಾಗುತ್ತದೆ, ಅದಕ್ಕೇ ಬಲೂನು ಎಲ್ಲೋ ಒಂದು ಕಡೆ ನಿಲ್ಲುತ್ತದೆ, ಜಾಸ್ತಿ ತುಂಬಿದರೆ ಜಾಸ್ತಿ ದೂರ ಹೋಗಿ ನಿಲ್ಲುತ್ತದೆ.

ಈ ಎರಡನೆಯ ಊಹೆಯ ಮೇಲೆ ಅವಳು ಹತ್ತು ನಿಮಿಷ ಕಳೆದಳು. ಹೀಲಿಯಂನ ಪರಮಾಣು ತೂಕ 4, ಗಾಳಿಯ ಸರಾಸರಿ ಅಣುತೂಕ 29. ಒಳಗೂ ಹೊರಗೂ ಒತ್ತಡ, ತಾಪ ಒಂದೇ ಇರುವವರೆಗೆ ಒಂದು ಗ್ರಾಂ ಹೀಲಿಯಂ ಏಳು ಗ್ರಾಂಗೂ ಮಿಕ್ಕಿ ಗಾಳಿಯನ್ನು ಸರಿಸುತ್ತದೆ. ತನ್ನ ಒಂದು ಗ್ರಾಂ ಕಳೆದರೆ ಆರು ಗ್ರಾಂ ಎತ್ತುತ್ತದೆ. ಹಲಗೆಯ ಮೇಲೆ ಎತ್ತರ ಎಲ್ಲಿದೆ ಎಂದು ಕೇಳಿದಳು. ಎಲ್ಲೂ ಇಲ್ಲ. ಬೆಂಗಳೂರಿನಲ್ಲಿ ಆರು ಗ್ರಾಂ, 20 ಕಿ.ಮೀ. ಮೇಲೂ ಆರು ಗ್ರಾಂ. ಗಾಳಿ ತೆಳುವಾದಷ್ಟೇ ಬಲೂನು ಹಿಗ್ಗುತ್ತದೆ. ಹಿಗ್ಗದ ಚೀಲದ ಬಲೂನಾದರೆ ಅವರ ಮಾತು ಸರಿ. ಲೇಟೆಕ್ಸ್ ಬಲೂನು ತೇಲುಬಲ ಸಾಲದೆ ನಿಲ್ಲುವುದಿಲ್ಲ, ರಬ್ಬರ್ ತಾಳದೆ ಒಡೆಯುತ್ತದೆ. ಈ ಒಂದು ವಾಕ್ಯ ಮೊದಲ ಪಾಠದಲ್ಲಿ ಇದ್ದಿದ್ದರೆ ನಾವಿಬ್ಬರೂ ಎಡವುತ್ತಿರಲಿಲ್ಲ.

ಆಮೇಲೆ ಸಿರಿಂಜು. ಕೊಂತ ಹೊರತೆಗೆದು, ಸ್ವಲ್ಪ ಗಾಳಿ ಇಟ್ಟು ಗಂಟು ಹಾಕಿದ ಬೆರಳ ತುದಿಯನ್ನು ಒಳಗೆ ಹಾಕಿ, ಕೊಂತವನ್ನು 20ರ ಗುರುತಿಗೆ ತಳ್ಳಿ, ಮೂತಿಯನ್ನು ಬೆರಳಿನಿಂದ ಮುಚ್ಚಬೇಕು. ಕೊಂತವನ್ನು 60ಕ್ಕೆ ಎಳೆದರೆ ಒಳಗಿನ ಒತ್ತಡ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೆಚ್ಚುಕಡಿಮೆ ಎವರೆಸ್ಟ್ ತುದಿಯ ಒತ್ತಡ. ಒಂದು ಸಿರಿಂಜಿನಲ್ಲಿ ಕಡಿಮೆ ಗಾಳಿಯ ಬಲೂನು, ಇನ್ನೊಂದರಲ್ಲಿ ಹೆಚ್ಚು ಗಾಳಿಯದು. ಗೋಡೆ ಮುಟ್ಟಿತೆಂದರೆ "ಒಡೆಯಿತು" ಎಂದು ಒಪ್ಪಂದ. ಇಬ್ಬರು ಹುಡುಗರು ಒಟ್ಟಿಗೆ ಎಳೆದರು. ದಪ್ಪನೆಯದು ಅರ್ಧ ದಾರಿಯಲ್ಲೇ ಗೋಡೆ ಮುಟ್ಟಿತು, ಸಣ್ಣದು ಕೊನೆಯವರೆಗೂ ಮುಟ್ಟಲಿಲ್ಲ. ಮೊದಲ ಸಲ ಗಂಟು ಸೋರಿ ಎರಡೂ ಸೊರಗಿದ್ದವು. ಗಂಟಿಗೆ ಮೊದಲೇ ದಾರ ಸುತ್ತಿಕೊಳ್ಳಿ.

ಹಿಂದಿನ ಸಲ ಪ್ರಶ್ನೆ ಕೇಳಿದ ಹುಡುಗಿ ಸುಮ್ಮನಿರಲಿಲ್ಲ. "ಹಾಗಾದ್ರೆ ಕಮ್ಮಿ ಕಮ್ಮಿ ತುಂಬ್ತಾ ಹೋಗೋದೇ ಒಳ್ಳೇದಲ್ವಾ?"

ವಿಜ್ಞಾನದ ಪಾಠ ಎಂಜಿನಿಯರಿಂಗ್ ಪಾಠವಾದದ್ದು ಇಲ್ಲಿ. ಈ ಸಲ ನಮ್ಮ ಪ್ರಶಿಕ್ಷಣಾರ್ಥಿನಿ ಅವಸರಪಡಲಿಲ್ಲ, ಲೆಕ್ಕವನ್ನು ತರಗತಿಗೇ ಬಿಟ್ಟಳು. ಸೆಕೆಂಡಿಗೆ 5 ಮೀಟರ್ ಏರಿದರೆ 30 ಕಿ.ಮೀ.ಗೆ 100 ನಿಮಿಷ. ಗಾಳಿ ಸರಾಸರಿ ಸೆಕೆಂಡಿಗೆ 20 ಮೀಟರ್ ಒಂದೇ ದಿಕ್ಕಿಗೆ ಬೀಸಿದರೆ ಅಷ್ಟರಲ್ಲಿ ಬಲೂನು 120 ಕಿ.ಮೀ. ಆಚೆ. ಏರುವ ವೇಗ ಅರ್ಧವಾದರೆ 240 ಕಿ.ಮೀ. "ಆಂಧ್ರಕ್ಕೆ ಹೋಗಿ ಹುಡುಕ್ಬೇಕು" ಎಂದ ಒಬ್ಬ. ಎತ್ತರ ಬೇಕೋ, ಪೆಟ್ಟಿಗೆ ವಾಪಸು ಬೇಕೋ ಎಂಬುದಕ್ಕೆ ಸೂತ್ರದಲ್ಲಿ ಉತ್ತರವಿಲ್ಲ, ಕೂತು ತೀರ್ಮಾನಿಸಬೇಕು. ಗಂಟೆ ಹೊಡೆದ ಮೇಲೂ ಆ ವಾದ ನಡೆಯುತ್ತಿತ್ತು.

ಆ ಆಂಧ್ರದ ಮಾತನ್ನು ಮನೆಗೆಲಸವಾಗಿ ಮುಂದುವರಿಸಿದೆವು. ಹವಾಮಾನ ಇಲಾಖೆ ದೇಶದ ಹಲವು ಕೇಂದ್ರಗಳಿಂದ ಬೆಳಿಗ್ಗೆ ಮತ್ತು ಸಂಜೆ 5.30ರ ಅವಲೋಕನಕ್ಕೆ ಬಲೂನು ಏರಿಸುತ್ತದೆ; ಬೆಂಗಳೂರೂ ಅವುಗಳಲ್ಲಿ ಒಂದು. ಒತ್ತಡ, ತಾಪ, ಗಾಳಿಯ ದಿಕ್ಕುಗಳ ಕೋಷ್ಟಕವನ್ನು ವ್ಯೋಮಿಂಗ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಯಾರು ಬೇಕಾದರೂ ನೋಡಬಹುದು. ನಾವು ಹಾರಿಸಲಾಗದ ಬಲೂನನ್ನು ಬೇರೆಯವರು ದಿನವೂ ಹಾರಿಸಿ ಲೆಕ್ಕ ಕೊಡುತ್ತಿದ್ದಾರೆ. ಷರತ್ತು ಒಂದೇ: ಕೋಷ್ಟಕ ತೆರೆಯುವ ಮೊದಲು ನಕ್ಷೆಯ ರೇಖೆಯನ್ನು ಊಹಿಸಿ ಪೆನ್ಸಿಲಿನಲ್ಲಿ ಎಳೆದಿರಬೇಕು. ಮೇಲೆ ಹೋದಂತೆ ಚಳಿ ಹೆಚ್ಚುತ್ತಲೇ ಹೋಗುತ್ತದೆ ಎಂದು ನೇರ ಗೆರೆ ಎಳೆದವರಿಗೆ, 16–17 ಕಿ.ಮೀ. ಬಳಿ ಮೈನಸ್ 75–80 ಡಿಗ್ರಿ ಮುಟ್ಟಿ ಆಮೇಲೆ ತಾಪ ಏರತೊಡಗುವುದು ಕಂಡಾಗ ಓಝೋನ್ ಬಗ್ಗೆ ನಾವು ಹೇಳಬೇಕಾಗಿ ಬರಲಿಲ್ಲ, ಅವರೇ ಕೇಳಿದರು. ಮಳೆಗಾಲದ ಕೋಷ್ಟಕ ಕೊಟ್ಟರೆ ಇನ್ನೊಂದು ಸೊಗಸು ಇದೆ: ಕೆಳಗೆ ಪಶ್ಚಿಮದಿಂದ ಬೀಸುವ ಮಳೆಗಾಳಿ, ಮೇಲೆ 14–16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ರಭಸವಾಗಿ ಬೀಸುವ ಇನ್ನೊಂದು ಗಾಳಿ. ಜುಲೈನಲ್ಲಿ ಬಿಟ್ಟ ಬಲೂನು ಆಂಧ್ರದ ಕಡೆ ಹೊರಟು ಮನಸ್ಸು ಬದಲಿಸಿ ತುಮಕೂರಿನ ಕಡೆ ತಿರುಗಬಹುದು.

ಬಲೂನು ಬೆಂಗಳೂರಿಗೆ ಹೊಸದಲ್ಲ ಎಂದೂ ಪ್ರಶಿಕ್ಷಣಾರ್ಥಿಗಳಿಗೆ ಹೇಳಬೇಕು. ವಿಶ್ವಕಿರಣಗಳನ್ನು ಅಳೆಯಲು ರಾಬರ್ಟ್ ಮಿಲಿಕನ್, ವಿಕ್ಟರ್ ನೆಹರ್, ವಿಲಿಯಂ ಪಿಕರಿಂಗ್ 1939–40ರಲ್ಲಿ ಭಾರತಕ್ಕೆ ಬಂದು ಆಗ್ರಾ, ಪೇಶಾವರಗಳ ಜೊತೆಗೆ ಇಲ್ಲಿಂದಲೂ ಬಲೂನು ಏರಿಸಿದ್ದರು. ಭೂಕಾಂತೀಯ ಅಕ್ಷಾಂಶಗಳನ್ನು ನೋಡಿ, ತಮ್ಮ ಒಂದು ಊಹೆಯನ್ನು ಪರೀಕ್ಷಿಸಲೆಂದೇ ಅವರು ಊರುಗಳನ್ನು ಆರಿಸಿದ್ದರು. ಆ ಊಹೆ ಮುಂದೆ ಬಿದ್ದುಹೋಯಿತು. ಈಚೆಗೆ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಿಂದ ಹಗುರ ಬಲೂನುಗಳನ್ನು ಹಾರಿಸಿದ್ದಾರೆ.

ವೀಕ್ಷಣಾ ಪುಸ್ತಕದಲ್ಲಿ ಮೊದಲ ಪಾಠದ ನನ್ನ ಷರಾ ಹಾಗೇ ಇದೆ. ಅಳಿಸಲಿಲ್ಲ, ಕೆಳಗೆ ದಿನಾಂಕ ಹಾಕಿ ತಿದ್ದುಪಡಿ ಬರೆದು ಸಹಿ ಮಾಡಿದ್ದೇನೆ. ಹೊಸ ಕಾಲಂ ಬೇಕೆಂಬ ಮಾತನ್ನು ವಿಭಾಗದ ಸಭೆಯಲ್ಲಿ ಎತ್ತಿದೆ. ನಮೂನೆ ಮೇಲಿನಿಂದ ಬಂದದ್ದು, ನಾವು ಬದಲಿಸುವಂತಿಲ್ಲ ಎಂದರು. ಸದ್ಯಕ್ಕೆ ನನ್ನ ಗುಂಪಿನ ಪ್ರಶಿಕ್ಷಣಾರ್ಥಿಗಳು ಪಾಠ ಯೋಜನೆಯ ಕೊನೆಯ ಪುಟದಲ್ಲಿ ಒಂದು ಗೆರೆ ಎಳೆದು, ಅದರ ಮೇಲೆ "ತರಗತಿ ಏನು ಕೇಳಬಹುದು, ನನ್ನ ಉತ್ತರವೇನು" ಎಂದು ಪಾಠಕ್ಕೆ ಮೊದಲೇ ಬರೆಯುತ್ತಾರೆ. ಗೆರೆಯ ಕೆಳಗಿನ ಜಾಗ ಪಾಠ ಮುಗಿದ ಮೇಲೆ ತುಂಬಲು.

ಅವಳ ಪುಟದಲ್ಲಿ ಗೆರೆಯ ಕೆಳಗೆ ಈಗ ಒಂದು ಹೊಸ ಲೆಕ್ಕವಿದೆ. ಎತ್ತುಬಲ ಬದಲಾಗುವುದಿಲ್ಲ, ಗಾಳಿ ತೆಳುವಾಗುತ್ತದೆ, ಬಲೂನಿನ ಅಡ್ಡಗಲ ಹೆಚ್ಚುತ್ತದೆ. ಇವನ್ನೆಲ್ಲ ಗಾಳಿಯ ಪ್ರತಿರೋಧದ ಸೂತ್ರದಲ್ಲಿ ಹಾಕಿದರೆ ವೇಗವು ಗಾತ್ರದ ಆರನೆಯ ಮೂಲದಂತೆ ಏರಬೇಕು. 61 ಪಟ್ಟು ಹಿಗ್ಗಿದ ಬಲೂನು ಕೊನೆಗೆ ಎರಡು ಪಟ್ಟು ವೇಗದಲ್ಲಿ ಹೋಗುತ್ತಿರಬೇಕು. ಆದರೆ ಪುಸ್ತಕಗಳು ಉದ್ದಕ್ಕೂ ಸುಮಾರು 5 ಮೀಟರ್ ಎನ್ನುತ್ತವೆ. "ಇದು ಯಾಕೆ ಮೇಡಂ?" ಎಂದು ಪಕ್ಕದಲ್ಲಿ ಬರೆದಿದ್ದಾಳೆ. ಪ್ರತಿರೋಧ ಗುಣಾಂಕ ಸ್ಥಿರವೆಂದು ಯಾಕೆ ಹಿಡಿದೆ ಎಂದು ನಾನು ಕೆಳಗೆ ಬರೆದಿದ್ದೇನೆ. ಪುಸ್ತಕ ಇನ್ನೂ ಅವಳ ಬಳಿಯೇ ಇದೆ.